ಹದಿನಾರು ಪುಟದ ಉಲ್ಕೆ

ಲೋಕದಲ್ಲಿ ಪುಸ್ತಕ ಓದಿ ಕೆಟ್ಟವರಿದ್ದಾರೆ, ಓದದೆ ಕೆಟ್ಟವರೂ ಇದ್ದಾರೆ. ಹದಿನಾರೇ ಹದಿನಾರು ಪುಟ ಓದಿ ಕೆಟ್ಟವನು ಮಾತ್ರ ನಮ್ಮ ಪಂಡಿತ ಒಬ್ಬನೇ.

ಹೆಸರಿಗೆ ಪಂಡಿತನಾದರೂ ಕೆಲಸದಲ್ಲಿ ಅವನು ಬೈಂಡರು. ಹರಿದ ಪುಸ್ತಕ ಬಿಚ್ಚಿ, ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟಿ ಕೊಡುತ್ತಿದ್ದ. ಪುಸ್ತಕವೆಂದರೇನು? ಹದಿನಾರು ಹದಿನಾರು ಪುಟಗಳ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ಹೊಲಿದದ್ದು. ಯಾವ ಕಟ್ಟು ಕಿತ್ತು ಬಂದಿದೆಯೋ ಅದನ್ನು ಮಾತ್ರ ಪಂಡಿತ ಓದುತ್ತಿದ್ದ; ಗಟ್ಟಿಯಾಗಿದ್ದ ಕಟ್ಟುಗಳ ಗೊಡವೆಗೆ ಹೋಗುತ್ತಿರಲಿಲ್ಲ. ಹೀಗಾಗಿ ಹೃದ್ರೋಗದ ಲಕ್ಷಣಗಳೆಲ್ಲ ಅವನಿಗೆ ಬಾಯಿಪಾಠ, ಔಷಧಿ ಮಾತ್ರ ಗೊತ್ತಿಲ್ಲ. ಮಹಾಯುದ್ಧ ಶುರುವಾದದ್ದು ಗೊತ್ತು, ಗೆದ್ದವರು ಯಾರೆಂದು ಗೊತ್ತಿಲ್ಲ. ಪತ್ತೇದಾರಿ ಕಾದಂಬರಿಗಳಲ್ಲಿ ಅವನು ಕಂಡ ಕೊಲೆಗಳಿಗೆ ಲೆಕ್ಕವಿಲ್ಲ, ಸಿಕ್ಕಿಬಿದ್ದ ಕೊಲೆಗಾರ ಒಬ್ಬನೂ ಇಲ್ಲ. ಆದರೂ ಮಾತಿಗೆ ಕೂತನೆಂದರೆ ಯಾರಿಗೂ ಸೊಪ್ಪು ಹಾಕುವವನಲ್ಲ. ಬೀದಿಯವರು ತಮಾಷೆಗೆ ಪಂಡಿತ ಎಂದು ಕರೆದರು, ಅವನು ನಿಜವೆಂದೇ ತಿಳಿದು ಇಟ್ಟುಕೊಂಡ.

ಅವನೂ ಅವನ ಹೆಂಡತಿಯೂ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಇದಕ್ಕೆ ಮುಂಚೆ ಇದ್ದ ಮನೆಯಲ್ಲಿ ಗೋಡೆ ಬೆವರಿ, ಅಂಟು ಒಣಗದೆ, ಗಿರಾಕಿಗಳ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿತ್ತು. ಈ ಮನೆಗೆ ತಾರಸಿಯಿತ್ತು, ತಾರಸಿಗೆ ದಿನವಿಡೀ ಬಿಸಿಲಿತ್ತು. ಬೈಂಡರಿಗೆ ಇದಕ್ಕಿಂತ ದೊಡ್ಡ ಅರಮನೆ ಇಲ್ಲ. ಇರುವ ತೊಂದರೆ ಒಂದೇ, ಕೆಳಗಡೆ ವಾಸವಿದ್ದ ಯಜಮಾನರು.

ಯಜಮಾನರು ಕೋರ್ಟಿನಲ್ಲಿ ಸಾಕ್ಷಿಗಳಿಗೆ ಪ್ರಮಾಣ ಮಾಡಿಸುವ ಕೆಲಸ ಮಾಡಿ ನಿವೃತ್ತರಾದವರು. 'ಸತ್ಯವನ್ನೇ ಹೇಳುತ್ತೇನೆ' ಎಂದು ತಾವೇ ಹೇಳಿಕೊಟ್ಟ ಬಾಯಿಂದಲೇ ಮರುಗಳಿಗೆ ಹಸಿ ಸುಳ್ಳು ಉದುರುವುದನ್ನು ಜೀವಮಾನವಿಡೀ ಕೇಳಿ ಕೇಳಿ ಅವರಿಗೆ ಸುಳ್ಳೆಂದರೆ ಮೈಯೆಲ್ಲ ತುರಿಕೆ ಏಳುತ್ತಿತ್ತು. ಹಿಂದಿದ್ದ ಬಾಡಿಗೆಯವನೊಬ್ಬ ಮನೆಯಲ್ಲೇ ಕೂತು ಫೋನಿನಲ್ಲಿ 'ದಾರೀಲಿದ್ದೀನಿ' ಎಂದದ್ದು ಕಿವಿಗೆ ಬಿದ್ದು, ಅವನನ್ನು ಆ ವಾರವೇ ನಿಜವಾಗಿ ದಾರಿಯಲ್ಲಿರುವಂತೆ ಮಾಡಿದ್ದರು. ಸತ್ಯವನ್ನು ಬಿಟ್ಟರೆ ಅವರು ಪ್ರೀತಿಸುತ್ತಿದ್ದದ್ದು ತಮ್ಮ ಹಳೇ ಕಾರನ್ನು. ಅದು ಓಡುತ್ತಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ನಿಂತಿರುತ್ತಿತ್ತು; ಯಜಮಾನರು ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಿದ್ದರು.

ಒಂದು ಮಂಗಳವಾರ ಪಂಡಿತ ಹೊಸದಾಗಿ ಕಟ್ಟಿದ ಪುಸ್ತಕಗಳನ್ನು ತಾರಸಿಯ ಮೋಟುಗೋಡೆಯ ಮೇಲೆ ಬಿಸಿಲಿಗೆ ಪೇರಿಸಿ, ರಟ್ಟು ಸೊಟ್ಟಗಾಗದಿರಲೆಂದು ಮೇಲೆ ಕಬ್ಬಿಣದ ಗಡ್ಡೆ ಹೇರಿದ್ದ. ಈ ಗಡ್ಡೆ ಅವನ ಮಾವನದು. ಮಾವನೂ ಬೈಂಡರೇ. ಸಾಯುವಾಗ ಮಗಳ ಕೈಗೆ ಸೂಜಿ, ದಾರ, ಅಂಟಿನ ಪಾತ್ರೆ ಮತ್ತು ಈ ಗಡ್ಡೆ ಕೊಟ್ಟು, 'ಅಳಿಯನನ್ನ ನಂಬಬೇಡ, ಇದನ್ನ ನಂಬು' ಎಂದಿದ್ದನಂತೆ. ಎರಡು ಕೈ ಹಾಕಿ ಎತ್ತಬೇಕಾದ, ತುಕ್ಕು ಬಣ್ಣದ, ಅಲ್ಲಲ್ಲಿ ಹೆಬ್ಬೆರಳು ಒತ್ತಿದಂತೆ ಗುಳಿಬಿದ್ದ ಗಡ್ಡೆ ಅದು.

ಪಂಡಿತನ ಕೈಯಲ್ಲಿ ಕಾಲೇಜಿನ ಲೈಬ್ರರಿಯಿಂದ ಬಂದಿದ್ದ ಒಂದು ಕಟ್ಟಿತ್ತು. ಪುಸ್ತಕ ಗಟ್ಟಿಯಾಗಿದೆ, ಕಿತ್ತುಬಂದ ಇದೊಂದನ್ನು ಮಾತ್ರ ಸರಿಮಾಡಿ ಕಳಿಸಿ ಎಂದಿದ್ದರು. ಹೆಂಡತಿ ಪಕ್ಕದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಕೇಳಿದ್ಯೇನೇ, ಆಕಾಶದಿಂದ ಕಬ್ಬಿಣ ಬೀಳುತ್ತಂತೆ!"

"ಬೀಳ್ಲಿ ಬಿಡಿ. ಆ ಕ್ಲಿಪ್ ಕೊಡಿ."

"ಅದು ಹೇಗೆ ಬರುತ್ತೆ ಗೊತ್ತಾ ನಿಂಗೆ? ಹೀಗೆ, ಸುಯ್ಯಂತ..."

ಸುಯ್ಯೆನ್ನುವುದನ್ನು ತೋರಿಸಲು ಪಂಡಿತ ಕೈ ಬೀಸಿದ. ಮೊಣಕೈ ಗಡ್ಡೆಗೆ ತಗುಲಿತು. ಪುಸ್ತಕಗಳು ಇದ್ದಲ್ಲೇ ಇದ್ದವು, ಗಡ್ಡೆ ಇರಲಿಲ್ಲ. ಕೆಳಗೆ ತಗಡು ಹರಿದ ಸದ್ದು, ಅದರ ಬೆನ್ನಿಗೇ ಇನ್ನೊಂದು ಸದ್ದು. ಆ ಎರಡನೆಯ ಸದ್ದು ಯಾವುದರದ್ದೆಂದು ಗಂಡಹೆಂಡತಿ ಇಬ್ಬರಿಗೂ ತಿಳಿಯಿತು.

ಪಂಡಿತ ಕಾಗದದ ಕಟ್ಟನ್ನು ಕೈಯಲ್ಲಿ ಹಿಡಿದೇ ಕೆಳಗೋಡಿದ. ನಿಜ ಹೇಳಿ ಕಾಲಿಗೆ ಬೀಳುವುದೆಂದೇ ಮೆಟ್ಟಿಲಿಳಿಯುತ್ತಾ ತೀರ್ಮಾನಿಸಿದ್ದ. ಶೆಡ್ಡಿನಲ್ಲಿ ಯಜಮಾನರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಗರಬಡಿದವರಂತೆ ನಿಂತಿದ್ದರು. ಕಾರಿನ ಬಾನೆಟ್ಟು ಬಾಣಲೆಯಾಗಿತ್ತು, ಅದರ ನಡುವೆ ಗಡ್ಡೆ ಹಾಯಾಗಿ ಕೂತಿತ್ತು.

"ಯಾವನೋ ಅವನು?" ಯಜಮಾನರು ನೊರೆ ಉಗುಳಿ ಗುಡುಗಿದರು. "ಯಾವನೇ ಆಗಿರ್ಲಿ, ಸೂರ್ಯ ಮುಳುಗೋದ್ರೊಳಗೆ ಅವನು ಈ ಬೀದೀಲಿರಬಾರದು!"

ಪಂಡಿತನ ಬಾಯೊಳಗೆ ಸಿದ್ಧವಾಗಿದ್ದ ನಿಜ ಗಂಟಲಿಗೆ ಜಾರಿ ಹೊಟ್ಟೆ ಸೇರಿತು. ಖಾಲಿಯಾದ ಜಾಗಕ್ಕೆ ಕೈಯಲ್ಲಿದ್ದ ಪುಟ ಬಂತು.

"ಯಾರೂ ಎಸೆದಿಲ್ಲ ಸಾರ್. ಇದು ಉಲ್ಕೆ."

"ಏನು?"

"ಕಬ್ಬಿಣದ ಉಲ್ಕೆ ಸಾರ್. ಆಕಾಶದಿಂದ ಬಿದ್ದದ್ದು. ಇದ್ರಲ್ಲಿ ನೂರಕ್ಕೆ ತೊಂಬತ್ತು ಪಾಲು ಕಬ್ಬಿಣ. ಆಮೇಲೆ ನಿಕ್ಕಲ್ಲು. ಒಂದು ಸ್ವಲ್ಪ ಕೋಬಾಲ್ಟು. ಗಂಧಕ, ರಂಜಕ ಅಲ್ಲಲ್ಲಿ. ಇರಿಡಿಯಂ ಅಂತ ಒಂದಿದೆ, ಅದು ಇದ್ದೂ ಇಲ್ಲದಷ್ಟು."

ಸುಳ್ಳು ಹೇಳುವವನು ಸಾಮಾನ್ಯವಾಗಿ ತಡವರಿಸುತ್ತಾನೆ. ಇವನು ನಿಕ್ಕಲ್ಲು ಕೋಬಾಲ್ಟೆಂದು ಪಟಪಟನೆ ಒದರಿದ. ಕೋರ್ಟಿನಲ್ಲಿ ಅಷ್ಟು ವರ್ಷ ಕಳೆದ ಯಜಮಾನರು ಅದಕ್ಕೇ ಮೋಸಹೋದರು. ಅವರ ಮುಖದ ಮೇಲಿನ ಕೋಪ ನಿಧಾನವಾಗಿ ಬೇರೇನೋ ಆಗತೊಡಗಿತು. ಹೋದ ತಿಂಗಳು ತಾನೇ ಅವರ ಷಡ್ಡಕ ಹೊಸ ಕಾರು ಕೊಂಡು ಬಂದು, ಇದೇ ಶೆಡ್ಡಿನ ಮುಂದೆ ನಿಲ್ಲಿಸಿ, ಹಾರ್ನು ಹೊಡೆದು ಹೋಗಿದ್ದ. ಹೊಸ ಕಾರು ಯಾರು ಬೇಕಾದರೂ ಕೊಳ್ಳಬಹುದು. ಆಕಾಶ ತಾನಾಗಿ ಹುಡುಕಿಕೊಂಡು ಬಂದು ಬಿದ್ದ ಕಾರು ಎಷ್ಟು ಜನರ ಹತ್ತಿರ ಇದೆ? ಯಜಮಾನರು ಬಾಯಿ ಮುಕ್ಕಳಿಸಿ ಬಂದು ಮೊದಲ ಫೋನನ್ನು ಷಡ್ಡಕನಿಗೇ ಮಾಡಿದರು.

ಸುದ್ದಿಗೆ ಕಾಲು ಬೇಕೇ? ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಶೆಡ್ಡಿನ ಮುಂದಿತ್ತು. ಬಂದವರ ಮುಂದೆ ಪಂಡಿತ ಮತ್ತೆ ಮತ್ತೆ ಪುಟ ಓದಬೇಕಾಯಿತು. ರಂಜಕ, ಗಂಧಕ ಎಂದದ್ದೇ ತಡ, ಮೂಲೆಯ ಔಷಧಿ ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ.

"ರಂಜಕ ಅಂದ್ರೆ ಬೆಂಕಿಪೊಟ್ಟಣದ ಪಕ್ಕಕ್ಕೆ ಬಳಿಯೋದು. ಗಂಧಕ ಅಂದ್ರೆ ಸಿಡಿಮದ್ದಿಗೆ ಹಾಕೋದು. ಎರಡೂ ಒಂದೇ ಕಡೆ ಇದೆ ಅಂತೀರಲ್ರೀ, ಇದು ಸಿಡಿಯುತ್ತೋ ಇಲ್ವೋ?"

ಜನರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದರು. ಎದುರುಮನೆಯ ಅಜ್ಜಿ ಮಾತ್ರ ಸರಿಯಲಿಲ್ಲ. ಅವರಿಗೆ ಕಾಲುನೋವು.

"ಅದರ ಬಗ್ಗೆ ಬರೆದಿರ್ತಾರೆ, ಮುಂದೆ ಓದಪ್ಪಾ," ಎಂದರು ಅಜ್ಜಿ.

ಪಂಡಿತ ಹದಿನಾರನೆಯ ಪುಟದ ಕೊನೆಯ ಸಾಲಿಗೆ ಬಂದ. "'ಇಂಥ ಉಲ್ಕೆ ದೊರೆತಾಗ ಅತ್ಯಂತ ಎಚ್ಚರಿಕೆ ವಹಿಸಬೇಕಾದ ಸಂಗತಿಯೆಂದರೆ...'"

"ಎಂದರೆ?" ಎಂದಿತು ಬೀದಿ.

"ಪುಟ ಮುಗೀತು."

"ಮುಂದಿನ ಪುಟ?"

"ಅದು ಕಾಲೇಜಲ್ಲಿದೆ. ಆ ಕಟ್ಟು ಗಟ್ಟಿಯಾಗಿತ್ತು, ಕಳಿಸಿಲ್ಲ."

ಎಚ್ಚರಿಕೆ ವಹಿಸಬೇಕು ಎಂದು ತಿಳಿದು, ಯಾವುದರ ಬಗ್ಗೆ ಎಂದು ತಿಳಿಯದೆ ಇರುವಷ್ಟು ಭಯಂಕರವಾದ ಸ್ಥಿತಿ ಮನುಷ್ಯನಿಗೆ ಬೇರೊಂದಿಲ್ಲ. ಒಬ್ಬಾಕೆ ಮಕ್ಕಳ ಮೂಗು ಮುಚ್ಚಿದಳು. ಇನ್ನೊಬ್ಬ ಅದರ ಮೇಲೆ ನೆರಳು ಬೀಳಬಾರದೇನೋ ಎಂದು ಪಕ್ಕಕ್ಕೆ ನಿಂತ. ಬಿಸಿಯಾದರೆ ಸಿಡಿಯುತ್ತದೆಂದು ಔಷಧಿ ಅಂಗಡಿಯವನು ಪೈಪು ಎಳೆದುಕೊಂಡು ಬಂದು ಗಡ್ಡೆಯ ಮೇಲೆ ನೀರು ಬಿಟ್ಟ. ಬಿಟ್ಟ ನೀರನ್ನು ಸಂಜೆಯವರೆಗೆ ನಿಲ್ಲಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಪೊಲೀಸ್ ಪೇದೆ ಬಂದ. ಸುಣ್ಣದಿಂದ ಕಾರಿನ ಸುತ್ತ ಗೆರೆ ಎಳೆದು, ತಾನೂ ಗೆರೆಯಾಚೆ ನಿಂತ. ದೂರದಿಂದಲೇ ಬಗ್ಗಿ, ಕತ್ತು ಓರೆಮಾಡಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಟೋಪಿ ಬೀಳುವಂತೆ ನೆಗೆದ.

"ಅಕ್ಷರ! ಅದರ ಅಡೀಲಿ ಅಕ್ಷರ ಇದೆ!"

ನೀರು ಹೊಡೆದು ಹೊಡೆದು ಗಡ್ಡೆ ಒಂದು ಮಗ್ಗುಲಿಗೆ ಹೊರಳಿತ್ತು. ತಳದಲ್ಲಿ ಬೆಳ್ಳಗಿನ ಒಂದು ಪದರ, ಅದರ ಮೇಲೆ ಕಪ್ಪು ಬರಹದ ಸಾಲುಗಳು. ಅದು ಏನೆಂದು ಪಂಡಿತನಿಗೆ ಮಾತ್ರ ಹೊಳೆಯಿತು. ಅಂಟು ಒಣಗುವ ಮುಂಚೆ ಗಡ್ಡೆ ಹೇರಿದಾಗ ಯಾವುದೋ ಪುಸ್ತಕದ ಹಾಳೆ ಕಚ್ಚಿಕೊಂಡು, ಕಾಗದ ಸುಲಿದುಹೋಗಿ, ಅಚ್ಚು ಮಾತ್ರ ತಿರುಗುಮುರುಗಾಗಿ ಉಳಿದಿತ್ತು.

ಔಷಧಿ ಅಂಗಡಿಯವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಬೆವರು ಒರೆಸಿಕೊಂಡ. "ಮೂವತ್ತು ವರ್ಷದಿಂದ ಡಾಕ್ಟರುಗಳ ಚೀಟಿ ಓದ್ತಿದ್ದೀನಿ. ನನಗೇ ಓದೋಕಾಗ್ತಿಲ್ಲ ಅಂದ್ರೆ ಇದು ಭೂಮಿಯದ್ದಲ್ಲ."

ಬೀದಿ ಓಟ ಕಿತ್ತಿತು. ಅಜ್ಜಿಯ ಕಾಲುನೋವು ಕೂಡ ಆಗ ವಾಸಿಯಾಗಿ, ಅವರು ಎಲ್ಲರಿಗಿಂತ ಮುಂಚೆ ಮನೆ ಸೇರಿದರು. ಮುಂದಿನ ಪುಟ ತರುವುದೊಂದೇ ದಾರಿಯೆಂದು ಪೇದೆ ಕಾಲೇಜಿಗೆ ಹೊರಟ.

ಮೇಲೆ ಅಡುಗೆಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು.

"ರೀ, ಅದು ನಮ್ಮಪ್ಪಂದು."

"ಶ್! ಈಗ ಅದು ಉಲ್ಕೆ."

"ನಾಳೆ ಪುಸ್ತಕದ ಮೇಲೆ ಏನಿಡ್ತೀರಿ? ನಿಮ್ಮ ತಲೇನಾ?"

"ಇಡ್ತೀನಿ ಕಣೇ, ಅದಕ್ಕೇನಂತೆ."

"ಭಾರ ಸಾಲಲ್ಲ."

ಪಂಡಿತ ಸ್ಟೂಲಿನ ಮೇಲೆ ಕುಸಿದ. "ನಿಜ ಹೇಳಿದ್ರೆ ಮನೆ ಹೋಗುತ್ತೆ. ಮತ್ತೆ ಆ ಬೆವರೋ ಗೋಡೆಗಳು, ಆ ಬೂಷ್ಟು. ಎಲ್ಲಿಗೆ ಹೋಗೋಣ ಹೇಳು?" ಹೆಂಡತಿಗೂ ಈ ಮನೆಯೆಂದರೆ ಪ್ರಾಣ. ಅಪ್ಪನ ಗಡ್ಡೆಯ ಆಸೆ ಬಿಟ್ಟು, ಮನೆ ಉಳಿಯಲೆಂದು ಬಾಯಿಗೆ ಬೀಗ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಪೇದೆ ಬಂದ, ಪುಟ ಬರಲಿಲ್ಲ. ಕಾರ್ಡಿಲ್ಲದವರಿಗೆ ಪುಸ್ತಕ ಕೊಡುವುದಿಲ್ಲವೆಂದು ಲೈಬ್ರರಿಯವರು ಪೊಲೀಸಿಗೇ ಖಡಾಖಂಡಿತ ಹೇಳಿದ್ದರು. ಆದರೆ ಪುಟದ ಬದಲು ಕಾಲೇಜಿನಲ್ಲಿ ಖನಿಜಶಾಸ್ತ್ರ ಕಲಿಸುವ ಮೇಡಮ್ಮೇ ಚೀಲ ತೂಗಿಹಾಕಿಕೊಂಡು ಬಂದಿದ್ದರು. ಅಷ್ಟರಲ್ಲಿ ಯಜಮಾನರು ನಾಲ್ಕು ಜನರಿಂದ ತಳ್ಳಿಸಿ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಂದು, ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಷಡ್ಡಕ ಮಧ್ಯಾಹ್ನ ಬರುವವನಿದ್ದ, ಚೆನ್ನಾಗಿ ಕಾಣಿಸಬೇಕಲ್ಲ!

"ಮೊದಲು ಹೇಳಿ ಮೇಡಂ," ಔಷಧಿ ಅಂಗಡಿಯವನು ಕೈಮುಗಿದ. "ಎಚ್ಚರಿಕೆ ವಹಿಸಬೇಕಾದ ಸಂಗತಿ ಯಾವ್ದು?"

"ನೀರು ತಾಗಿಸಬಾರದು. ತುಕ್ಕು ಹಿಡಿಯುತ್ತೆ. ಅಷ್ಟೇ."

ಎಲ್ಲರೂ ಅಂಗಳದಲ್ಲಿ ನಿಂತಿದ್ದ ನೀರನ್ನು ನೋಡಿದರು. ಔಷಧಿ ಅಂಗಡಿಯವನು ಪೈಪನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದ.

ಪಂಡಿತ ಕಂಬದ ಮರೆಯಲ್ಲಿ ನಿಂತಿದ್ದ. ಇನ್ನೇನು, ಇದು ಗುಜರಿ ಕಬ್ಬಿಣ ಎಂದು ಮೇಡಂ ಹೇಳುತ್ತಾರೆ, ಯಜಮಾನರು ತನ್ನ ಕಡೆ ತಿರುಗುತ್ತಾರೆ, ಅಲ್ಲಿಗೆ ಮುಗಿಯಿತು. ಮೇಡಂ ಗಡ್ಡೆಯ ಒಂದು ಮೂಲೆಯನ್ನು ಅರದಿಂದ ಉಜ್ಜಿದರು. ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದರು. ಸಣ್ಣ ಸೀಸೆಯಿಂದ ಎರಡು ಹನಿ ಆಸಿಡ್ ಹಚ್ಚಿ ಕಾದರು. ನೋಡನೋಡುತ್ತ ಆ ಹೊಳಪಿನೊಳಗಿಂದ ಗೆರೆಗಳು ಎದ್ದವು. ಓರೆಯಾಗಿ, ಒಂದನ್ನೊಂದು ಕತ್ತರಿಸುತ್ತ, ಯಾರೋ ಬೆಳ್ಳಿಯ ದಾರದಲ್ಲಿ ಚಾಪೆ ಹೆಣೆದಂತೆ.

ಮೇಡಂ ಕೈಯಿಂದ ಸೀಸೆ ಜಾರಿತು. ಪೇದೆ ಹಿಡಿದುಕೊಂಡ.

"ಅಯ್ಯೋ! ಇದು ನಿಜವಾಗ್ಲೂ ಉಲ್ಕೆ!"

"ಏನು?" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕಿರುಚಿದವನು ಪಂಡಿತ.

"ನೋಡಿ ಈ ಪಟ್ಟೆಗಳನ್ನ. ನಿಕ್ಕಲ್ ಕಡಿಮೆ ಇರೋ ಕಬ್ಬಿಣ ಒಂದು ಪದರ, ಜಾಸ್ತಿ ಇರೋದು ಇನ್ನೊಂದು. ಲಕ್ಷಾಂತರ ವರ್ಷ ಹಿಡಿದು ನಿಧಾನವಾಗಿ ತಣ್ಣಗಾದ್ರೆ ಮಾತ್ರ ಹೀಗೆ ಆಗುತ್ತೆ. ಭೂಮಿ ಮೇಲೆ ಯಾವ ಕುಲುಮೇಲೂ ಇದನ್ನ ಮಾಡೋಕಾಗಲ್ಲ."

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೀವು ನೋಡಿರಬಹುದು. ಹೇಳಿದ ಸುಳ್ಳು ತಲೆಯ ಮೇಲೆ ನಿಜವಾಗಿ ಬಂದು ಕೂತವನ ಮುಖ ನೋಡಬೇಕಿದ್ದರೆ ಆಗ ಪಂಡಿತನನ್ನು ನೋಡಬೇಕಿತ್ತು. ಅವನು ಕಂಬ ಹಿಡಿದುಕೊಂಡ. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಅಲ್ಲೇ ಕೂತುಬಿಟ್ಟಳು. ಅಪ್ಪ ಜೀವಮಾನವಿಡೀ ವ್ಯಾಕರಣದ ಪುಸ್ತಕಗಳ ಮೇಲೆ ಹೇರಿದ್ದು ನಕ್ಷತ್ರಲೋಕದ ತುಂಡೇ!

ಜನ ಚಪ್ಪಾಳೆ ತಟ್ಟಿದರು. ಯಜಮಾನರು ಎದೆಯುಬ್ಬಿಸಿ ಮುಂದೆ ಬಂದರು. "ನನ್ನ ಕಾರಿನ ಮೇಲೆ ಬಿದ್ದದ್ದು, ಹಾಗಾಗಿ ನಂದು. ಗಾಜಿನ ಪೆಟ್ಟಿಗೆ ಮಾಡಿಸಿ ಹಾಲಿನಲ್ಲಿಡ್ತೀನಿ. ಬೀಗ ಹಾಕಿ."

ಹೆಂಡತಿಯ ಮುಖ ಸಣ್ಣದಾಯಿತು. ಪಂಡಿತ ಅದನ್ನು ನೋಡಿದ.

"ಒಂದು ವಿಷಯ ಮಾತ್ರ ಅರ್ಥವಾಗ್ತಿಲ್ಲ," ಎಂದರು ಮೇಡಂ. "ನಿನ್ನೆ ಬಿದ್ದದ್ದಾದ್ರೆ ಮೇಲೆ ಕಪ್ಪಗೆ ಸುಟ್ಟ ಸಿಪ್ಪೆ ಇರ್ಬೇಕಿತ್ತು. ಇಲ್ಲ. ತುಕ್ಕೂ ಒಂದು ದಿನದ್ದಲ್ಲ, ಒಳಗೆ ಇಳಿದಿದೆ. ಇದು ಭೂಮಿಗೆ ಬಿದ್ದು ಎಷ್ಟೋ ಕಾಲವಾಗಿದೆ."

"ಮೇಲೇ ತುಕ್ಕು ಹಿಡಿದಿರುತ್ತೆ," ಎಂದರು ಯಜಮಾನರು.

"ಅಲ್ಲಿ ತುಕ್ಕು ಹಿಡಿಯಲ್ಲ ಸಾರ್. ಗಾಳಿ ಬೇಕು, ನೀರು ಬೇಕು." ಅವರು ಗಡ್ಡೆ ಹೊರಳಿಸಿ ಚೀಲದಿಂದ ಪುಟ್ಟ ಕನ್ನಡಿ ತೆಗೆದು ತಳಕ್ಕೆ ಹಿಡಿದರು. ಕನ್ನಡಿಯಲ್ಲಿ ಕಂಡದ್ದನ್ನು ನಿಧಾನವಾಗಿ ಓದಿದರು. "ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು. ಏಳ್ಮೂರ್ಲೆ ಇಪ್ಪತ್ತೊಂದು."

ಅಜ್ಜಿ ಗಲ್ಲಕ್ಕೆ ಕೈಯಿಟ್ಟರು. "ಶಿವನೇ, ಅಲ್ಲೂ ಮಗ್ಗಿ ಬಾಯಿಪಾಠ ಮಾಡಿಸ್ತಾರಾ!"

ಪಂಡಿತ ಮೆಟ್ಟಿಲ ಕಡೆ ಇನ್ನೊಮ್ಮೆ ನೋಡಿದ. ಹೆಂಡತಿ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅವಳು ಸುಮ್ಮನೆ ಗಡ್ಡೆಯನ್ನೇ ನೋಡುತ್ತಿದ್ದಳು. ಅದೇ ಅವನಿಗೆ ತಡೆಯಲಾಗಲಿಲ್ಲ.

"ಸಾರ್," ಎಂದ ಪಂಡಿತ, ಕಂಬ ಬಿಟ್ಟು ಬಂದು. "ಅದು ನಿಮ್ಮ ಕಾರಿನ ಮೇಲೆ ಬಿದ್ದದ್ದು ಆಕಾಶದಿಂದಲ್ಲ. ನನ್ನ ಮೊಣಕೈಯಿಂದ. ಅದು ನಮ್ಮ ಮಾವಂದು. ಪುಸ್ತಕದ ಮೇಲೆ ಹೇರೋದು. ಮನೆ ಬಿಡಿಸ್ತೀರಿ ಅಂತ ಹೆದರಿ ಸುಳ್ಳು ಹೇಳ್ದೆ."

ಹೇಳಿ ಮುಗಿಸಿ, ಕಣ್ಣು ಮುಚ್ಚಿಕೊಂಡು, ಸಿಡಿಲಿಗೆ ಕಾದ. ಸಿಡಿಲು ಬಂತು, ಆದರೆ ಅವನು ಕಾದ ದಿಕ್ಕಿನಿಂದ ಬರಲಿಲ್ಲ.

"ಸುಳ್ಳು!" ಎಂದು ಯಜಮಾನರು ಅಬ್ಬರಿಸಿದರು. "ಶುದ್ಧ ಸುಳ್ಳು! ಬೆಲೆಬಾಳುವ ವಸ್ತು ಅಂತ ಗೊತ್ತಾದ ತಕ್ಷಣ ಮಾವಂದು ಅಂತೀಯಾ? ಸಾವಿರ ಸಾಕ್ಷಿ ನೋಡಿದ್ದೀನಿ ನಾನು! ನಿನ್ನೆ ನಿಕ್ಕಲ್ಲು ಕೋಬಾಲ್ಟು ಅಂದಾಗ ನಿನ್ನ ಮುಖದಲ್ಲಿ ಸತ್ಯ ಕುಣೀತಿತ್ತು. ಇವತ್ತು ತಡವರಿಸ್ತಿದ್ದೀಯ, ಬೆವರ್ತಿದ್ದೀಯ. ಸುಳ್ಳು ಹೇಳೋರಿಗೆ ನನ್ನ ಮನೇಲಿ ಜಾಗ ಇಲ್ಲ. ಖಾಲಿ ಮಾಡು!"

ಸುಳ್ಳು ಹೇಳಿ ಉಳಿಸಿಕೊಂಡ ಮನೆ ನಿಜ ಹೇಳಿದ್ದಕ್ಕೆ ಹೋಗುತ್ತಿದೆಯಲ್ಲ!

"ನಿಜ ಸಾರ್, ನಮ್ಮಪ್ಪನದೇ ಅದು," ಎಂದು ಹೆಂಡತಿ ಎದ್ದು ನಿಂತಳು.

"ಗಂಡನ ಪರ ಹೆಂಡತಿ ಸಾಕ್ಷಿ! ಅದನ್ನೂ ನೋಡಿದ್ದೀನಮ್ಮಾ."

"ಹಾಗಾದ್ರೆ ಹೇಗೆ ಬಿತ್ತು ಅಂತ ತೋರಿಸ್ಲಿ ಬಿಡಿ," ಎಂದ ಪೇದೆ, ನ್ಯಾಯವಾಗಿಯೇ.

"ತೋರಿಸ್ಲಿ! ಮೊಣಕೈ ತಾಗಿದ್ರೆ ಅಷ್ಟು ಭಾರದ್ದು ಬೀಳುತ್ತಾ? ಎಲ್ಲರೂ ನೋಡೇಬಿಡಲಿ!"

ಪಂಡಿತ ಗಡ್ಡೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ. ಮನೆ ಉಳಿಯುವುದೂ ಹೋಗುವುದೂ ಈಗ ಅವನ ಮೊಣಕೈಯಲ್ಲಿತ್ತು. ಮತ್ತೆ ಶೆಡ್ಡಿನ ಮೇಲೆ ಬೀಳದಿರಲೆಂದು ಈ ಸಲ ಅಂಗಳದ ಕಡೆಯ ಮೋಟುಗೋಡೆಯ ಮೇಲೆ ಪುಸ್ತಕಗಳನ್ನು ಪೇರಿಸಿದ, ಮೇಲೆ ಗಡ್ಡೆ ಇಟ್ಟ, ನಿನ್ನೆಯ ಕಟ್ಟನ್ನು ಕೈಗೆತ್ತಿಕೊಂಡ. ಕೆಳಗೆ ಬೀದಿಯಿಡೀ ಬಾಯಿ ತೆರೆದು ಮೇಲೆ ನೋಡುತ್ತಿತ್ತು.

"ನಾನು ಹೀಗೆ ನಿಂತಿದ್ದೆ ಸಾರ್!" ಎಂದು ಕೂಗಿದ. "ಗಡ್ಡೆ ಹೀಗಿತ್ತು! ಇವಳಿಗೆ ಹೇಳ್ತಿದ್ದೆ, ಉಲ್ಕೆ ಹೇಗೆ ಬರುತ್ತೆ ಅಂತ! ಹೀಗೆ, ಸುಯ್ಯಂತ..."

"ರೀ! ಕಾರು!" ಎಂದು ಹೆಂಡತಿ ಚೀರಿದಳು.

ಕಾರು ಶೆಡ್ಡಿನಿಂದ ಗೋಡೆಯ ಬುಡಕ್ಕೆ ಬಂದಿದ್ದದ್ದು ಆಗ ಎಲ್ಲರಿಗೂ ಹೊಳೆಯಿತು. ಗಡ್ಡೆಗೂ ಹೊಳೆದಿರಬೇಕು, ಅಷ್ಟು ಸರಿಯಾಗಿ ಅದು ಕಾರಿನ ನೆತ್ತಿ ಸೀಳಿಕೊಂಡು ಒಳಗೆ ಬಿತ್ತು. ಗಾಜುಗಳು ಒಡೆದವು, ನಾಲ್ಕೂ ಬಾಗಿಲು ತಾವಾಗಿ ತೆರೆದುಕೊಂಡವು, ಇಷ್ಟು ವರ್ಷ ಕೂಗದಿದ್ದ ಹಾರ್ನು ಒಂದೇ ಸಮನೆ ಕೂಗತೊಡಗಿತು. ಅದು ತಾನಾಗಿ ನಿಲ್ಲುವವರೆಗೂ ಯಾರೂ ಅಲುಗಲಿಲ್ಲ.

ಹೆಂಡತಿ ಕಾರಿನ ಹತ್ತಿರ ಹೋಗಿ, ಸೀಟಿನ ಮೇಲೆ ಕೂತಿದ್ದ ಗಡ್ಡೆಯನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಹೆಗಲ ಮೇಲಿದ್ದ ಬಟ್ಟೆಯಿಂದ ನೀರು ಒರೆಸಿದಳು. ಯಾರೂ ಬೇಡವೆನ್ನಲಿಲ್ಲ. ಒಂದು ಚೂರು ಕತ್ತರಿಸಿ ಕೊಡಬಹುದೇ ಎಂದು ಮೇಡಂ ಮೆಲ್ಲಗೆ ಕೇಳಿದರು. ತೂಕ ಬಹಳ ಕಡಿಮೆಯಾಗದಿದ್ದರೆ ಆಗಬಹುದು ಎಂದಳು.

ಪಂಡಿತ ಮೆಟ್ಟಿಲಿಳಿದು ಬಂದು ಯಜಮಾನರ ಮುಂದೆ ತಲೆತಗ್ಗಿಸಿ ನಿಂತ. ಯಜಮಾನರು ಕಾರನ್ನು ನೋಡಿದರು, ತಾರಸಿಯನ್ನು ನೋಡಿದರು, ಇವನನ್ನು ನೋಡಿದರು.

"ನಿನ್ನ ಸುಳ್ಳಿಗೆ ಬಾನೆಟ್ ಹೋಯ್ತು. ನಿನ್ನ ನಿಜಕ್ಕೆ ಕಾರೇ ಹೋಯ್ತು."

"ಹೌದು ಸಾರ್. ಮನೆ ಖಾಲಿ ಮಾಡ್ತೀನಿ ಸಾರ್."

"ನೀನ್ಯಾಕೆ ಮಾಡ್ತೀಯ?" ಎಂದರು ಯಜಮಾನರು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು. "ನೀನು ಕೆಳಗಡೆ ಬಂದಿರು ಮಾರಾಯ. ನಾನು ಮೇಲಕ್ಕೆ ಹೋಗ್ತೀನಿ."